ಬೆಳಗು: ಒಂದು ಮನೆಗೆಲಸದ ಮಾತು

ಮನೆಗೆಲಸದ ಕ್ರಿಯಾಪದಗಳು ವಿದ್ವಾಂಸರ ವಿಚಾರಕ್ಕೆ ಬರುವುದು ಅಪರೂಪ. ಲಿಂಗ, ಅಂಗ, ಪ್ರಸಾದ, ಕಾಯಕ ಮೊದಲಾದ ಶಬ್ದಗಳ ಮೇಲೆ ಗ್ರಂಥಗಳೇ ಹುಟ್ಟಿವೆ. ಆದರೆ ಬಚ್ಚಲಲ್ಲಿ ಕುಳಿತು ತಾಯಂದಿರು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತನ್ನು ಯಾರು ಬಿಡಿಸಿ ನೋಡಿದ್ದಾರೆ? ಅಂತಹದೊಂದು ಮಾತನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಅದು ‘ಬೆಳಗು’. ಈ ಮಾತಿನ ವಿಷಯದಲ್ಲಿ ನನ್ನಿಂದಲೇ ಒಂದು ತಪ್ಪು ಘಟಿಸಿದೆ; ಲೇಖನ ಹುಟ್ಟಿದ್ದೂ ಅದರಿಂದಲೇ ಆದ್ದರಿಂದ ಮೊದಲು ಅದನ್ನು ಹೇಳಿಬಿಡುವುದು ಯೋಗ್ಯ.

ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಆರಂಭದ ವರ್ಷಗಳ ಮಾತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆಲವು ಶಬ್ದಗಳನ್ನು ಕೊಟ್ಟು ಅರ್ಥ ಬರೆಯಲು ಕೇಳಿದ್ದೆ. ಅವುಗಳಲ್ಲಿ ‘ಬೆಳಗು’ ಒಂದು. ನನ್ನ ಮನಸ್ಸಿನಲ್ಲಿದ್ದ ಉತ್ತರ ‘ಪ್ರಕಾಶಿಸು’ ಅಥವಾ ‘ಮುಂಜಾವು’. ಒಬ್ಬ ಹುಡುಗಿ ‘ಬೂದಿ ಹಚ್ಚಿ ತಿಕ್ಕುವುದು’ ಎಂದು ಬರೆದಿದ್ದಳು. ಕೆಂಪು ಮಸಿಯಿಂದ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟೆ. ಅಂದು ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ, “ಅಲ್ರೀ, ನಾಳೆ ಗೌರಿ ಹುಣ್ಣಿವಿ. ಸಮೆ ಬೆಳಗಬೇಕು, ಹುಣಸಿಹಣ್ಣು ತಂದ್ರೇನು?” ಎಂದು ಕೇಳಿದಳು. ಆಕೆಯ ತವರು ಕುಂದಗೋಳದ ಕಡೆಯದು. ಶಾಲೆಯ ಮೆಟ್ಟಿಲನ್ನು ಹೆಚ್ಚು ಏರಿದವಳಲ್ಲ. ನಾನು ಕೈಚೀಲವನ್ನು ಗೂಟಕ್ಕೆ ಹಾಕಿ ನಿಂತಲ್ಲಿಯೇ ನಿಂತೆ. ಮರುದಿನ ಅಂಕವನ್ನು ತಿದ್ದಿದೆನಾದರೂ ಏಕೆ ತಿದ್ದಿದೆನೆಂಬುದನ್ನು ಆ ಹುಡುಗಿಗೆ ಹೇಳುವ ದೊಡ್ಡತನ ಅಂದು ನನ್ನಲ್ಲಿರಲಿಲ್ಲ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ.

ಇನ್ನು ಶಬ್ದದ ವಿಚಾರ. ಧಾರವಾಡದ ಸೀಮೆಯ ಹಳ್ಳಿಗಳಲ್ಲಿ ಶುಚಿಗೊಳಿಸುವ ಕೆಲಸಕ್ಕೆ ಒಂದೊಂದು ವಸ್ತುವಿಗೂ ಒಂದೊಂದು ಮಾತುಂಟು. ಅಂಗಳವನ್ನು ಉಡುಗುತ್ತಾರೆ, ನೆಲವನ್ನು ಸಾರಿಸುತ್ತಾರೆ, ಅರಿವೆಯನ್ನು ಒಗೆಯುತ್ತಾರೆ, ಕಾಳನ್ನು ಹಸನು ಮಾಡುತ್ತಾರೆ, ಮುಸುರೆಯನ್ನು ತಿಕ್ಕುತ್ತಾರೆ, ಬೀಸುಕಲ್ಲನ್ನು ಒರೆಸುತ್ತಾರೆ. ತಾಮ್ರ, ಹಿತ್ತಾಳೆ, ಕಂಚುಗಳನ್ನು ಮಾತ್ರ ‘ಬೆಳಗು’ತ್ತಾರೆ. ಮಣ್ಣಿನ ಗಡಿಗೆಯನ್ನು ತೊಳೆಯಬಹುದು, ಬೆಳಗಲು ಬಾರದು. ಹೊಳಪು ಕೊಡಬಲ್ಲ ವಸ್ತುವಿಗಷ್ಟೇ ಈ ಮಾತು ಸಲ್ಲುತ್ತದೆ.

ಉಡುಗು, ಒಗೆ, ತಿಕ್ಕು, ಒರೆಸು ಇವೆಲ್ಲವೂ ಕೈ ಏನು ಮಾಡುತ್ತದೆ ಎಂಬುದನ್ನು ಹೇಳುವ ಮಾತುಗಳು. ‘ಬೆಳಗು’ ಕೈಯ ಸುದ್ದಿಯನ್ನೇ ಎತ್ತುವುದಿಲ್ಲ. ಪಾತ್ರೆಗೆ ಏನಾಯಿತು ಎಂಬುದನ್ನು ಹೇಳುತ್ತದೆ. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ‘ಎಷ್ಟು ತಿಕ್ಕಿದರೂ ತಂಬಿಗೆ ಹೊಳೆಯಲಿಲ್ಲ’ ಎಂದರೆ ಮಾತು ಕೂಡಿಬರುತ್ತದೆ. ‘ತಂಬಿಗೆಯನ್ನು ಬೆಳಗಿದಳು, ಆದರೆ ಅದು ಹೊಳೆಯಲಿಲ್ಲ’ ಎಂದರೆ ಕೇಳಿದವರು ನಕ್ಕಾರು. ಹೊಳೆಯದಿದ್ದರೆ ಅವಳು ಬೆಳಗಿಯೇ ಇಲ್ಲ. ನಮ್ಮ ತಾಯಿ ಸೊಸೆಯಂದಿರಿಗೆ ಹೇಳುತ್ತಿದ್ದುದೂ ಇದನ್ನೇ: “ತಿಕ್ಕಿದರ ಮುಗೀಲಿಲ್ಲವಾ, ಬೆಳಗಬೇಕು.” ಆಕೆ ವ್ಯಾಕರಣ ಓದಿದವಳಲ್ಲ, ಆದರೆ ಎರಡು ಧಾತುಗಳ ಅರ್ಥಭೇದವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ವ್ಯಾಕರಣದ ದೃಷ್ಟಿಯಿಂದಲೂ ಇದು ಗಮನಾರ್ಹವಾದ ಧಾತು. ‘ತಂಬಿಗೆ ಬೆಳಗಿತು’ ಎಂದಾಗ ಅಕರ್ಮಕ. ‘ತಾಯಿ ತಂಬಿಗೆಯನ್ನು ಬೆಳಗಿದಳು’ ಎಂದಾಗ ಸಕರ್ಮಕ. ರೂಪದಲ್ಲಿ ಯಾವ ಬದಲಾವಣೆಯೂ ಇಲ್ಲ. ‘ಗಡಿಗೆ ಒಡೆಯಿತು, ಗಡಿಗೆಯನ್ನು ಒಡೆದನು’, ‘ಹಗ್ಗ ಹರಿಯಿತು, ಹಗ್ಗವನ್ನು ಹರಿದನು’, ‘ಕೋಲು ಮುರಿಯಿತು, ಕೋಲನ್ನು ಮುರಿದನು’ ಇವೂ ಇದೇ ಗುಂಪಿನವು. ಇವುಗಳಲ್ಲಿ ಹೆಚ್ಚಿನವು ವಸ್ತುವಿನ ನಾಶವನ್ನು ಸೂಚಿಸಿದರೆ ‘ಬೆಳಗು’ ಅದಕ್ಕೆ ತೀರ ವಿರುದ್ಧವಾದುದನ್ನು ಸೂಚಿಸುತ್ತದೆ. ‘ಬೆಳಗಿಸು’ ಎಂಬ ಪ್ರೇರಣಾರ್ಥಕ ರೂಪವೂ ಉಂಟು. ಇಂದು ಸಭೆ ಸಮಾರಂಭಗಳ ಆಮಂತ್ರಣ ಪತ್ರಿಕೆಗಳಲ್ಲಿ ‘ಜ್ಯೋತಿ ಬೆಳಗಿಸುವವರು’ ಎಂದು ಅಚ್ಚಾಗುವುದು ಅದೇ. ಆದರೆ ಬಚ್ಚಲಿನಲ್ಲಿ ಯಾರೂ ಹಂಡೆಯನ್ನು ‘ಬೆಳಗಿಸು’ವುದಿಲ್ಲ. ಬೇರೆಯವರ ಕೈಯಿಂದ ಮಾಡಿಸಿದರೆ ಮಾತ್ರ ಆ ರೂಪ.

ಈ ಶಬ್ದದ ಮೂಲ ‘ಬೆಳ್’ ಎಂಬುದು. ಬಿಳಿ, ಬೆಳ್ಳಗೆ, ಬೆಳ್ಳಿ, ಬೆಳ್ಳುಳ್ಳಿ, ಬೆಳುದಿಂಗಳು, ಬೆಳಕು ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ರಾತ್ರಿಯೆಲ್ಲ ಎಂಬುದಕ್ಕೆ ನಮ್ಮವರು ‘ಬೆಳತನಕ’ ಎನ್ನುತ್ತಾರೆ. ನಸುಕಿನಲ್ಲಿ ಕಾಣುವ ಶುಕ್ರನನ್ನು ‘ಬೆಳ್ಳಿಚುಕ್ಕಿ’ ಎನ್ನುತ್ತಾರೆ. ಕೀರ್ತಿಯ ಬಣ್ಣ ಬಿಳಿ ಎಂಬುದು ಪ್ರಾಚೀನರ ಕವಿಸಮಯವಾದ್ದರಿಂದ ಕೀರ್ತಿಯೂ ಬೆಳಗುತ್ತದೆ, ಕುಲವೂ ಬೆಳಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟು ಪ್ರಕಾಶಿಸುವ ಅರ್ಥದ ಜೊತೆಗೆ ಲೋಹದ ಪಾತ್ರೆಗೆ ಹೊಳಪು ತರುವ ಅರ್ಥವನ್ನೂ ಬಿಡದೆ ಕೊಟ್ಟಿದೆ. ಪರೀಕ್ಷೆಯ ಹಿಂದಿನ ದಿನ ಅದನ್ನು ತೆರೆದಿದ್ದರೆ ನನ್ನ ಕೆಂಪು ಮಸಿ ಉಳಿಯುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದು ಶಬ್ದದ ಮೇಲೆ ಪ್ರೀತಿ ಹುಟ್ಟಿದರೆ ಕಂಡಲ್ಲೆಲ್ಲ ಅದನ್ನೇ ಕಾಣುವ ರೋಗ ನಮ್ಮಂಥ ನಿವೃತ್ತ ಶಿಕ್ಷಕರಿಗೆ ಬೇಗ ಅಂಟುತ್ತದೆ. ಬೆಳಗಾವಿಗೂ ‘ಬೆಳಗು’ವಿಗೂ ಸಂಬಂಧವಿಲ್ಲ, ಶಾಸನಗಳಲ್ಲಿ ಆ ಊರು ವೇಣುಗ್ರಾಮ, ಬಿದಿರಿನ ಊರು. ಅಣ್ಣಿಗೇರಿಯು ಮುಖ್ಯ ಪಟ್ಟಣವಾಗಿದ್ದ ಬೆಳ್ವೊಲ ಮುನ್ನೂರರ ಹೆಸರನ್ನೂ ‘ಬೆಳೆಯ ಹೊಲ’ವೆಂದು ಬಿಡಿಸುವುದೇ ವಾಡಿಕೆ. ಎರೆಯ ಕಪ್ಪು ಭೂಮಿಯನ್ನು ಬಿಳಿಯ ಹೊಲವೆಂದು ಕರೆಯಲು ಹೋದರೆ ನಮ್ಮ ರೈತರೇ ಒಪ್ಪಲಾರರು.

ನೆರೆಯ ಭಾಷೆಗಳನ್ನು ನೋಡಿದರೆ ವಿಷಯ ಇನ್ನಷ್ಟು ನಿಚ್ಚಳವಾಗುತ್ತದೆ. ತಮಿಳಿನ ‘ವಿಳಕ್ಕು’ ಎಂಬ ಶಬ್ದಕ್ಕೆ ದೀಪವೆಂದೂ ಅರ್ಥ, ಪಾತ್ರೆ ತಿಕ್ಕು, ಹಲ್ಲು ಉಜ್ಜು ಎಂದೂ ಅರ್ಥ, ವಿವರಿಸಿ ಹೇಳು ಎಂದೂ ಅರ್ಥ. ಮಬ್ಬನ್ನು ತೆಗೆದು ಇದ್ದುದನ್ನು ಕಾಣಿಸುವುದು ಎಂಬ ಒಂದೇ ಭಾವ ಮೂರಕ್ಕೂ ತಳಹದಿ. ತೆಲುಗರಾದರೋ ‘ವೆಲುಗು’ ಎಂಬುದನ್ನು ಬೆಳಕಿಗೆ ಇಟ್ಟುಕೊಂಡು ಪಾತ್ರೆಗೆ ‘ತೋಮು’ ಎಂಬ ಬೇರೆ ಮಾತನ್ನು ಬಳಸುತ್ತಾರೆ. ಮರಾಠಿಯಲ್ಲಿ ಭಾಂಡೆಯನ್ನು ತಿಕ್ಕುವುದಕ್ಕೆ ‘ಘಾಸಣೇ’, ಆರತಿ ಎತ್ತುವುದಕ್ಕೆ ‘ಓವಾಳಣೇ’. ಮರಾಠಿಯಿಂದ ‘ಭಾಂಡೆ’ಯನ್ನು ಧಾರಾಳವಾಗಿ ತೆಗೆದುಕೊಂಡ ನಮ್ಮ ಸೀಮೆಯವರು ಅದನ್ನು ಹೊಳೆಯಿಸುವ ಮಾತನ್ನು ಮಾತ್ರ ಅಲ್ಲಿಂದ ತರಲಿಲ್ಲ. ಹಂಡೆಗೂ ಆರತಿಗೂ ಒಂದೇ ಕನ್ನಡ ಮಾತನ್ನು ಉಳಿಸಿಕೊಂಡರು.

ಹಂಡೆಗೂ ಆರತಿಗೂ ಎಂದೆನಷ್ಟೆ. ದೀಪಾವಳಿಯಲ್ಲಿ ಇವೆರಡೂ ಹೇಗೆ ಒಂದೇ ಕೈಯಲ್ಲಿ ಕೂಡುತ್ತಿದ್ದವೆಂಬುದನ್ನು ನೋಡಬೇಕು. ನೀರು ತುಂಬುವ ಹಬ್ಬದ ದಿನ ಮನೆಯ ಹೆಣ್ಣುಮಕ್ಕಳು ತಾಮ್ರದ ಹಂಡೆ, ಕೊಡ, ತಂಬಿಗೆಗಳನ್ನೆಲ್ಲ ಅಂಗಳಕ್ಕೆ ತಂದು ಹುಣಸೆಹಣ್ಣು, ಉಪ್ಪು, ಬೂದಿ ಹಚ್ಚಿ ಬೆಳಗಿ, ನೀರು ತುಂಬಿ ಪೂಜಿಸುತ್ತಿದ್ದರು. ಮರುದಿನ ನಸುಕಿನಲ್ಲಿ ಅದೇ ನೀರಿನಿಂದ ಎಣ್ಣೆನೀರಿನ ಸ್ನಾನ. ಅಣ್ಣತಮ್ಮಂದಿರನ್ನು, ತಂದೆಯನ್ನು ಮಣೆಯ ಮೇಲೆ ಕೂಡಿಸಿ ಆರತಿ ‘ಬೆಳಗು’ವುದು. ಎರಡು ವಾರ ಕಳೆದು ಗೌರಿ ಹುಣ್ಣಿಮೆ ಬಂದರೆ ಹುಡುಗಿಯರು ಸಕ್ಕರೆಯ ಗೊಂಬೆಗಳನ್ನು ತಾಟಿನಲ್ಲಿಟ್ಟುಕೊಂಡು ಗೌರಿಗೆ ಆರತಿ ‘ಬೆಳಗಲು’ ಹೋಗುತ್ತಾರೆ. ಹೀಗೆ ಕಾರ್ತಿಕದ ಆಸುಪಾಸಿನಲ್ಲಿ ಒಬ್ಬಳೇ ಹುಡುಗಿ ಹಂಡೆಯನ್ನು ಬೆಳಗಿ, ಅಣ್ಣನಿಗೆ ಬೆಳಗಿ, ದೇವಿಗೆ ಬೆಳಗುವಾಗ ಅವಳ ಬಾಯಲ್ಲಿ ಕ್ರಿಯಾಪದ ಬದಲಾಗುತ್ತಿರಲಿಲ್ಲ. ಒಂದು ಹೀನ ಕೆಲಸ, ಇನ್ನೊಂದು ಪವಿತ್ರ ಕೆಲಸ ಎಂಬ ಭೇದವನ್ನು ಮನುಷ್ಯರು ಮಾಡಿರಬಹುದು. ಈ ಮಾತು ಮಾಡಲಿಲ್ಲ.

ನಿತ್ಯದ ದೀಪಕ್ಕೆ ಮಾತ್ರ ನಮ್ಮಲ್ಲಿ ‘ಹಚ್ಚು’ ಎಂಬುದೇ ರೂಢಿ. ‘ಹೊತ್ತು ಮುಣುಗಿತು, ದೀಪಾ ಹಚ್ಚು’ ಎನ್ನುತ್ತಾರೆಯೇ ಹೊರತು ‘ಬೆಳಗು’ ಎನ್ನುವುದಿಲ್ಲ. ವ್ಯಂಗ್ಯಕ್ಕೂ ಈ ಶಬ್ದ ಒದಗುತ್ತದೆ. ಪಟ್ಟಣಕ್ಕೆ ಹೋಗಿ ಬರಿಗೈಯಲ್ಲಿ ಮರಳಿದವನನ್ನು ಕುರಿತು ‘ಅಲ್ಲಿ ಹೋಗಿ ಏನ ಬೆಳಗಿದಾ?’ ಎಂದು ಕೇಳಿದರೆ ಮುಂದೆ ಹೇಳುವುದೇನೂ ಉಳಿಯುವುದಿಲ್ಲ.

ಬೆಳಗುವ ಕ್ರಮದ ಬಗೆಗೆ ಎರಡು ಮಾತು. ತಾಮ್ರ ಹಿತ್ತಾಳೆಗಳು ಗಾಳಿ ಮತ್ತು ತೇವದ ಸಂಪರ್ಕದಿಂದ ಮೊದಲು ಕಪ್ಪಾಗುತ್ತವೆ, ಬರಬರುತ್ತ ಹಸಿರುಗಟ್ಟುತ್ತವೆ. ಇದೇ ಕಿಲುಬು. ಹುಣಸೆಯ ಹುಳಿ ಈ ಪದರವನ್ನು ಕರಗಿಸುತ್ತದೆ. ಉಪ್ಪು ಅದಕ್ಕೆ ಬಲ ಕೊಡುತ್ತದೆ. ಒಲೆಯ ಬೂದಿಯಲ್ಲಿ ಕ್ಷಾರವಿರುವುದರಿಂದ ಅದು ಜಿಡ್ಡನ್ನು ಹಿಡಿದು ಸಾಬೂನಿನಂತೆ ಬಿಡಿಸುತ್ತದೆ. ಅದರ ನುಣುಪಾದ ಕಣಗಳು ಲೋಹವನ್ನು ಗೀರದೆ ಒರೆಯುತ್ತವೆ. ನಮ್ಮ ತಾಯಂದಿರು ಮೊದಲು ಹುಣಸೆ, ಆಮೇಲೆ ಬೂದಿ ಎಂಬ ಕ್ರಮವನ್ನು ತಪ್ಪುತ್ತಿರಲಿಲ್ಲ. ಹುಳಿಯ ಅಂಶ ಉಳಿದರೆ ಪಾತ್ರೆ ಬೇಗನೆ ಮತ್ತೆ ಮಬ್ಬಾಗುತ್ತದೆ. ಬೂದಿ ಆ ಹುಳಿಯನ್ನು ಮುರಿಯುತ್ತದೆ. ಬೂದಿಯನ್ನು ಸಾಣಿಸಿ, ಕಲ್ಲುಹರಳು ತೆಗೆದು, ಒಡೆದ ಗಡಿಗೆಯ ತಳದಲ್ಲಿ ಬಚ್ಚಲ ಮೂಲೆಗೆ ಇಟ್ಟಿರುತ್ತಿದ್ದರು. ಅಡುಗೆಯ ಪಾತ್ರೆಗಳಿಗೆ ಇಷ್ಟು ಸಾಲದು. ಹುಳಿ ಪದಾರ್ಥ ಹಿತ್ತಾಳೆಯಲ್ಲಿ ನಿಂತರೆ ಕಿಲುಬು ಆಹಾರಕ್ಕೆ ಇಳಿದು ವಿಷವಾಗುತ್ತದೆ. ಆದುದರಿಂದ ಒಳಮೈಗೆ ಕಲಾಯಿ. ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಸವರಿ ಅರಳೆಯಿಂದ ಉಜ್ಜಿದಾಗ ಏಳುತ್ತಿದ್ದ ಬಿಳಿಯ ಹೊಗೆಯನ್ನು ನೋಡಲು ಓಣಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ನೀರಿಗೆ ಬರವಿದ್ದ ನವಲಗುಂದದ ಎರೆಸೀಮೆಯಲ್ಲಿ ಕೆರೆಯ ನೀರನ್ನು ತಲೆಯ ಮೇಲೆ ಹೊತ್ತು ತರಬೇಕಾಗಿದ್ದಾಗ ಒಣ ಬೂದಿಯಿಂದಲೇ ತಿಕ್ಕಿ ಅರಿವೆಯಿಂದ ಒರೆಸಿ ಬೆಳಗುವುದನ್ನೂ ನಾನು ಬಲ್ಲೆ. ಬೆಳಗುವುದಕ್ಕೆ ನೀರು ಅನಿವಾರ್ಯವಲ್ಲ, ತೊಳೆಯುವುದಕ್ಕೆ ಅನಿವಾರ್ಯ.

ಇಷ್ಟೆಲ್ಲ ಬಚ್ಚಲಿನ ವಿಚಾರ ಈ ಮಾಸಿಕದ ಪುಟಗಳಿಗೆ ಏಕೆ ಎಂದು ಪ್ರಾಜ್ಞರು ಕೇಳಬಹುದು. ವಚನಗಳನ್ನು ಓದುವಾಗ ಈ ಭೇದ ನಮಗೆ ಬೇಕಾಗುತ್ತದೆ ಎಂಬುದೇ ನನ್ನ ಉತ್ತರ. ವಚನಗಳಲ್ಲಿ ‘ಬೆಳಗು’ ಎಂಬುದು ಪದೇ ಪದೇ ಬರುವ ಶಬ್ದ. ‘ಮಹಾಬೆಳಗು’ ಎಂಬುದು ಪಾರಿಭಾಷಿಕವಾಗಿಯೇ ನಿಂತಿದೆ. ಅಲ್ಲೆಲ್ಲ ನಾವು ಕೂಡಲೆ ‘ಪ್ರಕಾಶ’, ‘ಜ್ಯೋತಿ’ ಎಂದು ಟಿಪ್ಪಣಿ ಬರೆದು ಮುಂದೆ ಸಾಗುತ್ತೇವೆ. ಹಲವೆಡೆ ಅದು ಸರಿಯೂ ಹೌದು. ಆದರೆ ಈ ಮಾತಿನಲ್ಲಿ ಅಡಗಿರುವ ಎರಡು ಚಿತ್ರಗಳು ಒಂದೇ ಅಲ್ಲ. ಹಣತೆಯನ್ನು ಬೆಳಗಿಸಬೇಕಾದರೆ ಇನ್ನೊಂದು ಕಡೆಯಿಂದ ಬೆಂಕಿ ಬರಬೇಕು. ಇಲ್ಲದ ಬೆಳಕು ಅಲ್ಲಿ ಹೊಸದಾಗಿ ಸೇರುತ್ತದೆ. ಕಂಚನ್ನು ಬೆಳಗಿದಾಗ ಹೊರಗಿನಿಂದ ಏನೂ ಸೇರುವುದಿಲ್ಲ; ಮುಚ್ಚಿದ್ದುದು ಹೋಗುತ್ತದೆ, ಇದ್ದುದೇ ತೋರುತ್ತದೆ. ಜೀವನಿಗೆ ಅರಿವು ದೊರೆಯುವುದನ್ನು ಈ ಎರಡರಲ್ಲಿ ಯಾವ ಚಿತ್ರದಿಂದ ತಿಳಿಯುತ್ತೇವೆ ಎಂಬುದರ ಮೇಲೆ ಅರ್ಥವೇ ಬೇರೆಯಾಗುತ್ತದೆ.

ಶೈವಶಾಸ್ತ್ರದಲ್ಲಿ ಎರಡನೆಯ ಚಿತ್ರಕ್ಕೆ ದೊಡ್ಡ ಸ್ಥಾನವುಂಟು. ಆತ್ಮನಿಗೆ ಅನಾದಿಯಿಂದ ಅಂಟಿಬಂದ ಮಲವನ್ನು ಆಗಮಜ್ಞರು ಹೋಲಿಸುವುದು ತಾಮ್ರದ ಕಿಲುಬಿಗೆ ಮತ್ತು ಭತ್ತದ ಹೊಟ್ಟಿಗೆ. ಎರಡೂ ಮನೆಗೆಲಸದ ವಸ್ತುಗಳೇ. ಒಂದಕ್ಕೆ ಬೂದಿ ಬೇಕು, ಇನ್ನೊಂದಕ್ಕೆ ಒನಕೆ ಬೇಕು. ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವನ್ನು ದೀಕ್ಷೆಯಿಂದ ಕಳೆಯುವ ವಿಚಾರವನ್ನು ವಾಚಕರು ಬಲ್ಲರು. ಇಲ್ಲಿ ಗುರುವಿನ ಕೆಲಸ ದೀಪ ಹಚ್ಚುವವನದೋ, ಪಾತ್ರೆ ಬೆಳಗುವವನದೋ? ಎರಡೂ ಎಂದು ಸಮಾಧಾನ ಹೇಳಬಹುದು. ಕನ್ನಡದಲ್ಲಿ ಹಾಗೆ ಹೇಳಲು ಒಂದೇ ಶಬ್ದ ಸಾಕಾಗುತ್ತದೆ ಎಂಬುದು ನಮ್ಮ ಭಾಗ್ಯ. ಆದರೆ ಎರಡರಲ್ಲೊಂದು ಅರ್ಥ ಮರೆತುಹೋದರೆ ಆ ಭಾಗ್ಯವೂ ಉಳಿಯದು.

ನಾನು ಓದುವಾಗ ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ‘ಬೆಳಗು’ವಿನ ನೆರೆಯಲ್ಲಿ ಎಣ್ಣೆ, ಬತ್ತಿ, ಕತ್ತಲೆ, ಸೊಡರು ಇದ್ದರೆ ಮೊದಲ ಅರ್ಥ. ಕನ್ನಡಿ, ಕಂಚು, ಕಿಲುಬು, ಮಲಗಳಿದ್ದರೆ ಎರಡನೆಯದನ್ನು ಮೊದಲು ಹಚ್ಚಿ ನೋಡಬೇಕು. ಅದರಲ್ಲಿಯೂ ಕನ್ನಡಿ ಬಂದಾಗ ವಿಶೇಷ ಎಚ್ಚರ ಬೇಕು. ಇಂದಿನ ವಿದ್ಯಾರ್ಥಿಗೆ ಕನ್ನಡಿ ಎಂದರೆ ಗಾಜು. ಅರಿವೆಯಿಂದ ಒರೆಸಿದರೆ ಮುಗಿಯಿತು. ಶರಣರ ಕಾಲದ ಕನ್ನಡಿ ಲೋಹದ್ದು. ಕೇರಳದ ಆರನ್ಮುಳದಲ್ಲಿ ಇಂದಿಗೂ ಅಂತಹ ಕನ್ನಡಿಗಳನ್ನು ಎರಕ ಹೊಯ್ದು, ದಿನಗಟ್ಟಲೆ ಉಜ್ಜಿ ತಯಾರಿಸುತ್ತಾರೆ. ಬಿಟ್ಟರೆ ಮಬ್ಬಾಗುವುದು, ಬೆಳಗಿದರೆ ಮುಖ ತೋರುವುದು ಅದರ ಸ್ವಭಾವ. ಕನ್ನಡಿ ಕಾಯಕದ ಅಮ್ಮಿದೇವಯ್ಯ, ಕನ್ನಡಿ ಕಾಯಕದ ರೇಮಮ್ಮ ಎಂಬ ಶರಣರ ಹೆಸರುಗಳನ್ನು ಓದುವಾಗ ನನಗೆ ಅವರ ಕೈಯಲ್ಲಿ ಗಾಜಿನ ತುಂಡು ಕಾಣುವುದಿಲ್ಲ. ಬೆಳಗಿದ ಕಂಚು ಕಾಣುತ್ತದೆ. ಕನ್ನಡಿಯನ್ನು ದಿನವೂ ಬೆಳಗಬೇಕು ಎಂಬುದನ್ನು ಮರೆತರೆ ಮನಸ್ಸನ್ನು ಕನ್ನಡಿಗೆ ಹೋಲಿಸಿದ ಮಾತು ಬರಿಯ ಅಲಂಕಾರವಾಗಿ ಉಳಿಯುತ್ತದೆ, ಸಾಧನೆಯ ಸೂಚನೆ ಜಾರಿಹೋಗುತ್ತದೆ.

ಇದು ಪಂಡಿತರ ಕೋಣೆಯಲ್ಲಿ ಹುಟ್ಟಿದ ರೂಪಕವಾಗಿರಲಾರದು. ಶಿವಭಕ್ತರ ಮನೆಯಂಗಳದ ಕಸಗುಡಿಸುವುದನ್ನೇ ಕಾಯಕವಾಗಿ ಹಿಡಿದ ಜಂಬೂರಿನ ಸತ್ಯಕ್ಕ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಬಟ್ಟೆ ಮಡಿಮಾಡುವ ಮಡಿವಾಳ ಮಾಚಿದೇವ ಇಂಥವರು ಕುಳಿತ ಗೋಷ್ಠಿಯಲ್ಲಿ ‘ಬೆಳಗು’ ಎಂದರೆ ಕೇಳಿದವರ ಅಂಗೈಗೆ ಮೊದಲು ಬೂದಿಯ ನೆನಪಾಗಿರಬೇಕು, ಆಮೇಲೆ ಬೆಳಕಿನದು. ನಮಗೆ ಈಗ ಬೆಳಕಿನ ನೆನಪಷ್ಟೇ ಆಗುತ್ತದೆ.

ಅದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ನಮ್ಮ ಹಳ್ಳಿಗಳಿಗೆ ಸ್ಟೀಲಿನ ಭಾಂಡೆ ಬಂದಾಗ ಹೆಣ್ಣುಮಕ್ಕಳು ತವರಿನಿಂದ ತಂದ ತಾಮ್ರದ ಕೊಡಗಳನ್ನು ತೂಕಕ್ಕೆ ಹಾಕಿ ಹೊಳೆಯುವ ಡಬ್ಬಿಗಳನ್ನು ಕೊಂಡರು. ಅವರನ್ನು ದೂರುವವರು ಒಂದು ದಿನ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹಂಡೆಯೊಂದನ್ನು ಬೆಳಗಿ ನೋಡಬೇಕು. ಬೆರಳಿನ ಸಂದಿಗಳು ಬೂದಿಯಿಂದ ಬಿರಿದು, ಹುಣಸೆಯ ಹುಳಿ ಆ ಬಿರುಕಿಗೆ ಇಳಿದಾಗ ಆಗುವ ಉರಿಯನ್ನು ಅರಿಯಬೇಕು. ಸ್ಟೀಲು ಕಿಲುಬುವುದಿಲ್ಲ, ಆದ್ದರಿಂದ ಅದನ್ನು ಬೆಳಗುವುದಿಲ್ಲ, ತೊಳೆಯುತ್ತಾರೆ. ಆಮೇಲೆ ಅಡುಗೆ ಅನಿಲ ಬಂದು ಮನೆಯಿಂದ ಬೂದಿಯೇ ಮಾಯವಾಯಿತು. 2016ರಲ್ಲಿ ಕೇಂದ್ರ ಸರಕಾರ ಬಡ ಕುಟುಂಬಗಳ ಹೆಣ್ಣುಮಕ್ಕಳಿಗೆ ಅನಿಲ ಸಂಪರ್ಕ ಕೊಡಲು ಆರಂಭಿಸಿದ ಯೋಜನೆಯ ಹೆಸರು ‘ಉಜ್ವಲಾ’. ಚೆನ್ನಾಗಿ ಬೆಳಗುವುದು ಎಂದೇ ಅದರ ಅರ್ಥ! ಕಣ್ಣುರಿಸುವ ಹೊಗೆ ಹೋದುದು ಒಳ್ಳೆಯದೇ ಆಯಿತು; ಸಂಸ್ಕೃತದ ಬೆಳಗು ಬಂದಾಗ ಕನ್ನಡದ ಬೆಳಗು ಹಿತ್ತಲ ಬಾಗಿಲಿನಿಂದ ಹೊರಬಿದ್ದುದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಉಳಿದುದು ಆರತಿಯಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ, ವಚನದ ಟಿಪ್ಪಣಿಯಲ್ಲಿ.

ಕಳೆದ ದೀಪಾವಳಿಯಲ್ಲಿ ನಮ್ಮ ಮನೆಯ ಅಟ್ಟದ ಮೇಲಿದ್ದ ತಾಮ್ರದ ಹಂಡೆಯನ್ನು ಕೆಳಗಿಳಿಸಿದೆವು. ಹುಬ್ಬಳ್ಳಿಯಿಂದ ಬಂದಿದ್ದ ಮೊಮ್ಮಗಳು ಸಾಬೂನಿನ ಡಬ್ಬಿ ಹಿಡಿದು, “ಅಜ್ಜಿ, ಇದನ್ನ ತೊಳೀಲೇನು?” ಎಂದಳು. “ತೊಳೀಬ್ಯಾಡವಾ, ಬೆಳಗು” ಎಂದಳು ಅಜ್ಜಿ. ಹುಡುಗಿ ನನ್ನ ಮುಖ ನೋಡಿದಳು. ಪರೀಕ್ಷೆಯ ಹುಡುಗಿಗೆ ಹೇಳದೆ ಉಳಿದುದನ್ನು ಇವಳಿಗೆ ಕೂಡಿಸಿಕೊಂಡು ಹೇಳಿದೆ. ಹುಣಸೆಹಣ್ಣು ಮನೆಯಲ್ಲಿತ್ತು, ಉಪ್ಪೂ ಇತ್ತು. ಬೂದಿಗೆ ಮಾತ್ರ ಓಣಿಯ ನಾಲ್ಕು ಮನೆ ತಿರುಗಿದರೂ ಸಿಗಲಿಲ್ಲ. ಕೊನೆಗೆ ಊರ ಮಠಕ್ಕೆ ಹೋಗಿ ದಾಸೋಹದ ಒಲೆಯಿಂದ ಒಂದು ಬುಟ್ಟಿ ತಂದೆವು.